ದಾರಿ ನೆರವಿನ ಕರಾರು: ಕೊಳ್ಳತಕ್ಕದ್ದೇ, ಬಿಡತಕ್ಕದ್ದೇ?

ವರ್ಷಕ್ಕೊಮ್ಮೆ ಗಾಡಿಯ ವಿಮೆಯನ್ನು ಹೊಸದಾಗಿ ಬರೆಯಿಸುವ ಕಾಲ ಬಂದಾಗ ಗೃಹಸ್ಥನಿಗೆ ಒಂದು ಸಣ್ಣ ಧರ್ಮಸಂಕಟ ಒದಗುತ್ತದೆ. ಕಾನೂನು ಕಟ್ಟಲೇಬೇಕೆಂದು ವಿಧಿಸಿರುವ ಹಣವೊಂದು. ಸ್ವಂತ ಗಾಡಿಗೆ ಆಗಬಹುದಾದ ನಷ್ಟಕ್ಕಾಗಿ ಕಟ್ಟುವ ಹಣವೊಂದು. ಇವೆರಡರ ಕೆಳಗೆ ಸಣ್ಣಕ್ಷರಗಳಲ್ಲಿ ನಾಲ್ಕಾರು ಹೆಚ್ಚುವರಿ ಬಾಬುಗಳು. ಅವುಗಳಲ್ಲಿ ‘ರೋಡ್ ಸೈಡ್ ಅಸಿಸ್ಟೆನ್ಸ್’ ಎಂಬುದೊಂದು. ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಕಂಪೆನಿಯವರು ಆಳು ಕಳುಹಿಸಿ ಸರಿಪಡಿಸುವರು, ಆಗದಿದ್ದರೆ ಎಳೆಸಿಕೊಂಡು ಗ್ಯಾರೇಜಿಗೆ ಮುಟ್ಟಿಸುವರು ಎಂಬುದು ಅದರ ತಾತ್ಪರ್ಯ. ನಾವು ಇದನ್ನು ದಾರಿ ನೆರವು ಎಂದು ಕರೆಯೋಣ. ಹಣವೇನೋ ಹೆಚ್ಚಿನದಲ್ಲ. ಆದರೆ ಹೆಚ್ಚಿನದಲ್ಲವೆಂಬ ಕಾರಣಕ್ಕೇ ಒಬ್ಬರು ಯೋಚಿಸದೆ ಕಟ್ಟಿಬಿಡುತ್ತಾರೆ, ಇನ್ನೊಬ್ಬರು ಯೋಚಿಸದೆ ಹೊಡೆದುಹಾಕುತ್ತಾರೆ. ನಾವು ಈ ಎರಡೂ ತಪ್ಪುಗಳನ್ನು ಬೇರೆಬೇರೆ ವರ್ಷಗಳಲ್ಲಿ ಮಾಡಿದವರಾದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯಲು ನಮಗೆ ಸ್ವಲ್ಪ ಅಧಿಕಾರವುಂಟೆಂದು ಭಾವಿಸುತ್ತೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. “ನಮ್ಮ ಗಾಡಿಗೆ ಪೂರ್ಣ ವಿಮೆಯಿದೆ, ಇನ್ನು ಈ ನೆರವೇಕೆ?” ಎಂದು ಕೇಳುವವರು ಬಹಳ ಮಂದಿ. ೧೯೮೮ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ ೧೪೬ನೆಯ ಕಲಮಿನ ಪ್ರಕಾರ ಪ್ರತಿಯೊಂದು ಗಾಡಿಗೂ ಇರಲೇಬೇಕಾದ ವಿಮೆಯು ನಮ್ಮ ಗಾಡಿಯಿಂದ ಅನ್ಯರಿಗಾಗುವ ಹಾನಿಗೆ ಸಂಬಂಧಪಟ್ಟದ್ದು. ನಮ್ಮ ಗಾಡಿಗೆ ಅದರಿಂದ ಒಂದು ಕಾಸೂ ದೊರೆಯದು. ಎರಡನೆಯದಾದ ಸ್ವಂತ ಹಾನಿಯ ವಿಮೆಯು ಅಪಘಾತ, ಬೆಂಕಿ, ಕಳವು, ನೆರೆ ಮುಂತಾದವುಗಳಿಗೆ. ಸವೆತದಿಂದಲೂ ಯಂತ್ರದ ಅಥವಾ ವಿದ್ಯುತ್ತಿನ ಭಾಗಗಳು ತಾವಾಗಿ ಕೆಡುವುದರಿಂದಲೂ ಆಗುವ ನಷ್ಟವನ್ನು ಆ ಕರಾರು ಸ್ಪಷ್ಟವಾದ ಮಾತುಗಳಲ್ಲಿ ಹೊರಗಿಡುತ್ತದೆ. ಅಪಘಾತವಾದರೆ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸುವ ವೆಚ್ಚವನ್ನು ಕೊಡುವರಷ್ಟೆ. ಅದೂ ರೂಢಿಯ ಕರಾರಿನಲ್ಲಿ ಖಾಸಗಿ ಕಾರಿಗೆ ೧೫೦೦ ರೂಪಾಯಿ, ದ್ವಿಚಕ್ರ ವಾಹನಕ್ಕೆ ೩೦೦ ರೂಪಾಯಿಗಳಿಗೆ ಮೀರದಂತೆ. ಮರಕ್ಕೆ ಗುದ್ದಿ ನಿಂತ ಗಾಡಿಗೆ ಈ ಹಣ ಸಿಕ್ಕೀತು. ಬ್ಯಾಟರಿ ಸತ್ತು ನಿಂತ ಗಾಡಿಗೆ ಸಿಗದು.

ಈ ಏರ್ಪಾಡು ನಮ್ಮ ಕಾಲದ ಹೊಸ ವ್ಯಾಪಾರವೇನೂ ಅಲ್ಲ. ಇಂಗ್ಲೆಂಡಿನಲ್ಲಿ ೧೯೦೫ರಲ್ಲಿ ಹುಟ್ಟಿದ ಆಟೊಮೊಬೈಲ್ ಅಸೋಸಿಯೇಷನ್ನಿನವರು ಮೊದಮೊದಲು ಬೈಸಿಕಲ್ಲುಗಳ ಮೇಲೆ ತಮ್ಮ ಕಾವಲುಗಾರರನ್ನು ರಸ್ತೆಗಳಿಗೆ ಕಳುಹಿಸುತ್ತಿದ್ದರು. ವೇಗದ ಮಿತಿಯನ್ನು ಮೀರುವವರನ್ನು ಹಿಡಿಯಲು ಪೋಲೀಸರು ಎಲ್ಲಿ ಅಡಗಿದ್ದಾರೆಂದು ಸದಸ್ಯರನ್ನು ಎಚ್ಚರಿಸುವುದೇ ಅವರ ಮೊದಲ ಉದ್ಯೋಗ! ಇದಕ್ಕೆ ನ್ಯಾಯಾಲಯದಿಂದ ತೊಡಕುಂಟಾದ ಮೇಲೆ ಅವರು ಹೂಡಿದ ಉಪಾಯ ಚಮತ್ಕಾರವಾದುದು. ಸಂಘದ ಬಿಲ್ಲೆಯಿದ್ದ ಗಾಡಿಯನ್ನು ಕಂಡರೆ ಕಾವಲುಗಾರನು ಸಲಾಮು ಮಾಡಬೇಕೆಂಬುದು ನಿಯಮ. ಸಲಾಮು ಮಾಡದೆ ಸುಮ್ಮನೆ ನಿಂತರೆ ಮುಂದೆ ಪೋಲೀಸರಿದ್ದಾರೆಂದು ಅರ್ಥ. ಸಲಾಮು ಮಾಡಲಿಲ್ಲವೆಂದು ಯಾರನ್ನು ತಾನೇ ಶಿಕ್ಷಿಸಲಾದೀತು? ಕಾಲಕ್ರಮದಲ್ಲಿ ಅದೇ ಕಾವಲುಗಾರರು ಕೆಟ್ಟ ಗಾಡಿಗಳನ್ನು ಸರಿಪಡಿಸುವವರಾದರು. ದಾರಿಯ ಬದಿಯಲ್ಲಿ ಟೆಲಿಫೋನು ಪೆಟ್ಟಿಗೆಗಳನ್ನು ನಿಲ್ಲಿಸಿ ಅವುಗಳ ಕೀಲಿಯನ್ನು ಸದಸ್ಯರಿಗೆ ಕೊಟ್ಟರು. ನಮ್ಮ ದೇಶದಲ್ಲಿಯೂ ೧೯೧೯ರಲ್ಲಿ ಮುಂಬಯಿಯಲ್ಲಿ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘ ಸ್ಥಾಪಿತವಾಯಿತು. ಅಲ್ಲಿ ಸಂಘಗಳು ಮಾಡಿದ ಕೆಲಸವನ್ನು ಇಲ್ಲಿ ಈಗ ಬಹುಮಟ್ಟಿಗೆ ಗಾಡಿ ತಯಾರಕರೂ ವಿಮಾ ಕಂಪೆನಿಗಳೂ ಮಾಡುತ್ತಿರುವರು. ಈ ಭೇದವನ್ನು ಓದುಗರು ಲಕ್ಷ್ಯದಲ್ಲಿಡಬೇಕು. ವಿಮಾ ಕಂಪೆನಿಯವರಲ್ಲಿ ಸ್ವಂತ ಮೆಕ್ಯಾನಿಕ್ಕುಗಳಾಗಲಿ ಟೋಯಿಂಗ್ ಗಾಡಿಗಳಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಅವರು ಬೇರೊಂದು ಸಂಸ್ಥೆಗೆ ಗುತ್ತಿಗೆ ಕೊಟ್ಟಿರುತ್ತಾರೆ, ಆ ಸಂಸ್ಥೆ ಊರೂರಿನ ಗಾಡಿಯವರಿಗೆ ಒಪ್ಪಿಸಿರುತ್ತದೆ. ನಾವು ಕರೆಯುವವರೊಬ್ಬರು, ಹೊರಡಿಸುವವರಿನ್ನೊಬ್ಬರು, ಬರುವವರು ಮತ್ತೊಬ್ಬರು.

ಇದರ ಫಲವೇನೆಂಬುದನ್ನು ನಾವು ಶಿರಾಡಿ ಘಟ್ಟದಲ್ಲಿ ಅನುಭವಿಸಿದೆವು. ಕಳೆದ ವರ್ಷ ಪುತ್ತೂರಿನ ಕಡೆ ನೆಂಟರ ಮನೆಯ ಉಪನಯನವನ್ನು ಮುಗಿಸಿಕೊಂಡು ಬೆಂಗಳೂರಿಗೆ ಹಿಂದಿರುಗುತ್ತಿದ್ದೆವು. ಗಾಡಿ ಒಂಬತ್ತು ವರ್ಷದ್ದು. ಒಳಗೆ ನಾವು, ಮನೆಯವರು, ಮಗ, ಎಪ್ಪತ್ತಾರು ವಯಸ್ಸಿನ ನಮ್ಮ ತಾಯಿ. ಗುಂಡ್ಯ ದಾಟಿ ಘಟ್ಟ ಹತ್ತುತ್ತಿರುವಾಗ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಬಾನೆಟ್ಟಿನಿಂದ ಬಿಳಿಯ ಹಬೆ ಏಳತೊಡಗಿತು. ಕಾವಿನ ಮುಳ್ಳು ಕೆಂಪಿಗೆ ಏರಿತ್ತು. ಗಾಡಿಯನ್ನು ಅಂಚಿಗೆ ನಿಲ್ಲಿಸಿ ಇಳಿದು ನೋಡಿದರೆ ರೇಡಿಯೇಟರಿನ ಮೇಲಣ ಹೋಸು ಸೀಳಿ ನೀರೆಲ್ಲ ರಸ್ತೆಯ ಪಾಲಾಗಿದೆ. ಮಳೆ ಹನಿಯುತ್ತಿತ್ತು. ಕೈಯಲ್ಲಿದ್ದ ಮೂರು ಮೊಬೈಲುಗಳಲ್ಲಿ ಒಂದಕ್ಕೂ ಸಿಗ್ನಲ್ ಇರಲಿಲ್ಲ.

ತಾಯಿಯವರಿಗೆ ಮಧುಮೇಹ. ಹೊತ್ತಿಗೆ ಸರಿಯಾಗಿ ಊಟ, ಊಟಕ್ಕೆ ಮೊದಲು ಇನ್ಸುಲಿನ್. ಇನ್ಸುಲಿನ್ ತಂಪಿನ ಚೀಲದಲ್ಲಿತ್ತು. ತಿನ್ನಲು ಉಪನಯನದ ಮನೆಯವರು ಕಟ್ಟಿಕೊಟ್ಟ ಚಕ್ಕುಲಿ, ಹೋಳಿಗೆಗಳಲ್ಲದೆ ಬೇರೇನೂ ಇರಲಿಲ್ಲ. ರಾತ್ರಿ ಎಂಟು ಗಂಟೆಯೊಳಗೆ ಒಂದು ಊರು ಸೇರದಿದ್ದರೆ ಏನು ಮಾಡುವುದೆಂದು ನಮ್ಮ ಮನೆಯವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ತಂಪಿನ ಚೀಲವನ್ನು ಅವರು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು.

ಮಗನು ಒಂದು ಲಾರಿಯವರನ್ನು ಕೈಮಾಡಿ ನಿಲ್ಲಿಸಿ ಸಕಲೇಶಪುರದ ಕಡೆಗೆ ಹೊರಟ. ಸಿಗ್ನಲ್ ಸಿಕ್ಕಿದೊಡನೆ ಕರೆ ಮಾಡಿದನಂತೆ. ದೂರದ ಯಾವುದೋ ಊರಿನಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬಳು ಬಹಳ ವಿನಯದಿಂದ ಹತ್ತಿರದ ಹೆಗ್ಗುರುತು ಯಾವುದೆಂದು ಕೇಳಿದಳು. ಘಟ್ಟದ ನಡುವೆ ಮರವಲ್ಲದೆ ಹೆಗ್ಗುರುತು ಯಾವುದು? ಕೊನೆಗೆ ಹಾಸನದಿಂದ ಗಾಡಿ ಬರುವುದೆಂದೂ ಒಂದೂವರೆ ಗಂಟೆಯಾಗುವುದೆಂದೂ ತಿಳಿಸಿದಳು. ಎಳೆದುಕೊಂಡು ಹೋಗುವುದು ೨೫ ಕಿಲೋಮೀಟರಿನವರೆಗೆ ಮಾತ್ರ ಉಚಿತವೆಂದೂ, ಹಾಸನದ ಅಧಿಕೃತ ಗ್ಯಾರೇಜಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು ಆಗುವುದರಿಂದ ಮಿಕ್ಕ ದೂರಕ್ಕೆ ಮುಂಗಡವಾಗಿ ಹಣ ಕಟ್ಟಬೇಕೆಂದೂ, ಎಳೆಯುವ ಗಾಡಿಯಲ್ಲಿ ನಾಲ್ವರನ್ನು ಕೂರಿಸಲು ಸ್ಥಳವಿಲ್ಲವೆಂದೂ ಅನಂತರ ಗೊತ್ತಾಯಿತು.

ಮಗ ಬುದ್ಧಿವಂತ. ಸಕಲೇಶಪುರದಲ್ಲಿ ಸುಮ್ಮನೆ ಕಾಯುವುದರ ಬದಲು ಒಂದು ಸಣ್ಣ ಗ್ಯಾರೇಜನ್ನು ಹುಡುಕಿ ಅಲ್ಲಿಯ ಮೆಕ್ಯಾನಿಕ್ಕನನ್ನು ಮೋಟಾರು ಸೈಕಲ್ಲಿನಲ್ಲಿ ಕರೆದುಕೊಂಡು ಬಂದ. ಅಷ್ಟರಲ್ಲಿ ಇಂಜಿನ್ ಆರಿತ್ತು. ಆತನು ಹೋಸಿನ ಸೀಳಿದ ತುದಿಯನ್ನು ಕತ್ತರಿಸಿ, ಉಳಿದುದನ್ನು ಎಳೆದು ಕೂರಿಸಿ, ಕ್ಲಿಪ್ಪು ಬಿಗಿದು, ಬದಿಯ ಝರಿಯಿಂದ ತಂದ ನೀರನ್ನು ತುಂಬಿದ. “ಸಾರ್, ನಿಧಾನಕ್ಕೆ ಹೋಗಿ. ಮುಳ್ಳು ನೋಡ್ತಾ ಇರಿ. ಹಾಸನದಲ್ಲಿ ಹೊಸಾದು ಹಾಕಿಸ್ಕೊಳ್ಳಿ” ಎಂದು ಹೇಳಿ ೬೦೦ ರೂಪಾಯಿ ತೆಗೆದುಕೊಂಡ. ನಾವು ಹೊರಡುವ ವೇಳೆಗೆ ಆರೂಮುಕ್ಕಾಲು. ಸಕಲೇಶಪುರ ಸಮೀಪಿಸಿದಾಗ ಮೊಬೈಲಿಗೆ ಒಂದು ಸಂದೇಶ ಬಂತು: ತಮ್ಮ ನೆರವು ದಾರಿಯಲ್ಲಿದೆ ಎಂದು.

“ಏನಪ್ಪಾ, ವರ್ಷವರ್ಷವೂ ದುಡ್ಡು ಕಟ್ಟಿದ್ದೀಯಲ್ಲ, ಅವರು ಬರುವುದೇ ಇಲ್ಲವೇ?” ಎಂದು ತಾಯಿಯವರು ಕೇಳಿದರು. ಅವರಿಗೆ ಅಷ್ಟುಹೊತ್ತಿಗೆ ಸಕಲೇಶಪುರದ ಹೋಟೆಲೊಂದರಲ್ಲಿ ಇಡ್ಲಿ ದೊರೆತಿತ್ತು. ಆದಕಾರಣ ಪ್ರಶ್ನೆಯಲ್ಲಿ ಕೋಪವಿರಲಿಲ್ಲ. ನಮ್ಮಲ್ಲಿತ್ತು. ಆ ರಾತ್ರಿ ಹಾಸನದ ವಸತಿಗೃಹದಲ್ಲಿ ಕುಳಿತು ಕರಾರಿನ ಕಾಗದವನ್ನು ಮೊದಲನೆಯ ಸಲ ಪೂರ್ತಿಯಾಗಿ ಓದಿದೆವು. ಮೆಕ್ಯಾನಿಕ್ಕನಿಗೆ ಕೊಟ್ಟ ಹಣ ಹಿಂದಿರುಗುವಂತಿರಲಿಲ್ಲ. ಅವರು ಕಳುಹಿಸಿದ ಆಳಿನಿಂದಲೇ ಮಾಡಿಸಬೇಕೆಂಬ ನಿಯಮವಿತ್ತು. ಬಾರದ ಆ ಗಾಡಿಯು ವರ್ಷಕ್ಕೆ ನಾಲ್ಕು ಸಲವೆಂದಿದ್ದ ಸೇವೆಗಳಲ್ಲಿ ಒಂದಾಗಿ ಲೆಕ್ಕಕ್ಕೆ ಸೇರಿತ್ತು.

ಹಾಗಾದರೆ ಈ ನೆರವು ನಿಷ್ಪ್ರಯೋಜಕವೋ? ಹಾಗೆಂದು ಬರೆದು ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ಮೂರು ತಿಂಗಳ ತರುವಾಯ ಒಂದು ಬೆಳಿಗ್ಗೆ ನಾವು ಊರಿನಲ್ಲಿಲ್ಲದಾಗ ಮನೆಯವರು ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಟರೆ ಗಾಡಿ ಮಿಸುಕಲಿಲ್ಲ, ಬ್ಯಾಟರಿ ಸತ್ತಿತ್ತು. ಕರೆ ಮಾಡಿದ ನಲವತ್ತು ನಿಮಿಷಗಳಲ್ಲಿ ಒಬ್ಬ ಹುಡುಗ ದ್ವಿಚಕ್ರ ವಾಹನದಲ್ಲಿ ಬಂದು, ಜಂಪ್ ಸ್ಟಾರ್ಟ್ ಮಾಡಿಕೊಟ್ಟು, ಒಂದು ಕಾಸನ್ನೂ ಕೇಳದೆ ಹೋದ. ಅದೇ ಕಂಪೆನಿ, ಅದೇ ಕರಾರು. ಊರಿನ ಮಧ್ಯದಲ್ಲಿ ಅದು ವರವಾಯಿತು. ಎಲ್ಲಿ ಅತ್ಯಗತ್ಯವಾಗಿತ್ತೋ ಅಲ್ಲಿ ಒದಗಲಿಲ್ಲ. ಆದ್ದರಿಂದ ಕೊಳ್ಳುವುದೋ ಬಿಡುವುದೋ ಎಂಬುದಕ್ಕಿಂತ, ಕೊಳ್ಳುವುದಾದರೆ ಯಾವುದನ್ನು ಎಂಬ ಪ್ರಶ್ನೆಯೇ ದೊಡ್ಡದೆಂದು ನಮಗೆ ತೋರಿತು.

ಹಣದ ಲೆಕ್ಕವನ್ನು ಬೇಗ ಮುಗಿಸೋಣ. ವಿಮೆಯೊಡನೆ ಕೊಳ್ಳುವ ದಾರಿ ನೆರವಿಗೆ ಕಾರಿನವರು ಸಾಮಾನ್ಯವಾಗಿ ವರ್ಷಕ್ಕೆ ಕೆಲವು ನೂರು ರೂಪಾಯಿಗಳನ್ನು ತೆರುತ್ತಾರೆ. ೩೦೦ ರೂಪಾಯಿ ಎಂದಿಟ್ಟುಕೊಂಡರೆ ಶೇಕಡಾ ೧೮ರ ತೆರಿಗೆಯೂ ಸೇರಿ ೩೫೪ ಆಯಿತು. ಹತ್ತು ವರ್ಷಕ್ಕೆ ೩೫೪೦. ಹತ್ತು ವರ್ಷಗಳಲ್ಲಿ ಒಮ್ಮೆ ರಾತ್ರಿಯ ಹೊತ್ತು ದೂರದಿಂದ ಗಾಡಿಯನ್ನು ಎಳೆಸಿದರೂ ಅಷ್ಟು ಹಣ ಹೋದೀತು. ಲಾಭನಷ್ಟಗಳು ಸರಿಸುಮಾರು ಸಮವಾದ್ದರಿಂದ ಹಣದ ದೃಷ್ಟಿಯಿಂದಲೇ ಇದನ್ನು ತೀರ್ಮಾನಿಸಲಾಗದು. ತೀರ್ಮಾನಿಸಬೇಕಾದುದು ಗಾಡಿಯಲ್ಲಿ ಯಾರು ಕುಳಿತಿರುತ್ತಾರೆ, ಅದು ಎಲ್ಲಿ ಓಡಾಡುತ್ತದೆ ಎಂಬುದರಿಂದ.

ಮನೆಯಿಂದ ಕಚೇರಿಗೆ, ಕಚೇರಿಯಿಂದ ಮಾರುಕಟ್ಟೆಗೆ ಐದಾರು ಕಿಲೋಮೀಟರು ಓಡಾಡುವ ಗಾಡಿ, ಕರೆದರೆ ಬರುವ ಪರಿಚಯದ ಮೆಕ್ಯಾನಿಕ್ಕು, ಇವೆರಡೂ ಇರುವವರಿಗೆ ಇದರ ಅಗತ್ಯ ಕಡಮೆ. ದ್ವಿಚಕ್ರ ವಾಹನದವರಿಗೂ ಅಷ್ಟೆ. ಪಂಕ್ಚರ್ ಅಂಗಡಿಯಿಲ್ಲದ ರಸ್ತೆ ನಮ್ಮ ಊರುಗಳಲ್ಲಿ ಅಪರೂಪ. ಹೊಸ ಗಾಡಿ ಕೊಂಡವರು ಮೊದಲು ಶೋರೂಮಿನವರು ಕೊಟ್ಟ ಕಾಗದಗಳನ್ನು ಬಿಚ್ಚಿ ನೋಡತಕ್ಕದ್ದು. ಅನೇಕ ತಯಾರಕರು ವಾರಂಟಿಯ ಅವಧಿಯಲ್ಲಿ ದಾರಿ ನೆರವನ್ನು ತಾವೇ ಕೊಡುತ್ತಾರೆ. ಕೆಲವು ಬ್ಯಾಂಕುಗಳ ಕ್ರೆಡಿಟ್ ಕಾರ್ಡುಗಳೊಡನೆಯೂ ಅದು ಬರುವುದುಂಟು. ಒಂದೇ ಗಾಡಿಗೆ ಮೂರು ಕಡೆ ನೆರವಿದ್ದು ಒಂದರ ದೂರವಾಣಿ ಸಂಖ್ಯೆಯೂ ಕೈಯಲ್ಲಿಲ್ಲದ ಗೃಹಸ್ಥರನ್ನು ನಾವು ಬಲ್ಲೆವು.

ಇದಕ್ಕೆ ವ್ಯತಿರಿಕ್ತವಾಗಿ, ಮಗಳೋ ಸೊಸೆಯೋ ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬಳೇ ಗಾಡಿ ನಡೆಸುವ ಮನೆಯವರು, ವಯಸ್ಸಾದವರನ್ನು ಕೂರಿಸಿಕೊಂಡು ಊರೂರು ತಿರುಗುವವರು, ತಿಂಗಳಿಗೊಮ್ಮೆಯಾದರೂ ಘಟ್ಟ ಹತ್ತಿಳಿಯುವವರು, ಐದು ವರ್ಷ ಮೀರಿದ ಗಾಡಿಯಿರುವವರು ಇದನ್ನು ಬಿಡಬಾರದೆಂಬುದು ನಮ್ಮ ಅಭಿಪ್ರಾಯ. ೨೦೨೩ರ ಮಾರ್ಚಿಯಲ್ಲಿ ತೆರೆದ ಬೆಂಗಳೂರು ಮೈಸೂರು ಹೆದ್ದಾರಿಯಂಥ ರಸ್ತೆಗಳನ್ನೂ ಇಲ್ಲಿ ನೆನೆಯಬೇಕು. ಹಳೆಯ ರಸ್ತೆಯಲ್ಲಿ ಕೆಟ್ಟು ನಿಂತರೆ ಅರ್ಧ ಮೈಲಿಯೊಳಗೆ ಯಾವುದಾದರೊಂದು ಅಂಗಡಿ ಸಿಗುತ್ತಿತ್ತು. ಈಗ ನಡುವಣ ರಸ್ತೆಗೆ ಎರಡೂ ಕಡೆ ಬೇಲಿ. ಅದೇ ವರ್ಷದ ಆಗಸ್ಟ್ ೧ರಿಂದ ದ್ವಿಚಕ್ರ ವಾಹನಗಳಿಗೂ ಅಲ್ಲಿ ಪ್ರವೇಶವಿಲ್ಲ. ಆದ್ದರಿಂದ ಬೈಕಿನ ಮೇಲೆ ಬರುವ ನಮ್ಮ ಮೆಕ್ಯಾನಿಕ್ಕನೂ ಬರುವಂತಿಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ೧೦೩೩ ಎಂಬ ಸಂಖ್ಯೆಗೆ ಕರೆ ಮಾಡಿದರೆ ಹೆದ್ದಾರಿಯವರ ಗಸ್ತಿನ ಗಾಡಿಯೂ ಕ್ರೇನೂ ಬರುವ ಏರ್ಪಾಡಿದೆ. ಆದರೆ ಅವರ ಮುಖ್ಯೋದ್ದೇಶ ರಸ್ತೆಯನ್ನು ತೆರವು ಮಾಡುವುದು. ನಿಮ್ಮ ಗಾಡಿಯನ್ನು ನಿಮ್ಮ ಗ್ಯಾರೇಜಿಗೆ ಮುಟ್ಟಿಸುವುದಲ್ಲ.

ವಿದ್ಯುತ್ ಕಾರುಗಳವರ ಸ್ಥಿತಿ ಇನ್ನೂ ಸೂಕ್ಷ್ಮ. ಅವುಗಳನ್ನು ಚಕ್ರ ನೆಲಕ್ಕೆ ತಾಗಿದಂತೆ ಹಗ್ಗ ಕಟ್ಟಿ ಎಳೆಯಲಾಗದು. ಚಕ್ರ ತಿರುಗಿದರೆ ಒಳಗಣ ಮೋಟಾರೂ ತಿರುಗಿ ವಿದ್ಯುತ್ತನ್ನು ಹುಟ್ಟಿಸಿ ಹಾನಿಯುಂಟಾದೀತು. ಇಡೀ ಗಾಡಿಯನ್ನು ಚಪ್ಪಟೆ ಹಾಸಿನ ಲಾರಿಯ ಮೇಲೆ ಹೇರಿಯೇ ಸಾಗಿಸಬೇಕು. ಅನೇಕ ಆಟೊಮ್ಯಾಟಿಕ್ ಗಿಯರಿನ ಗಾಡಿಗಳಿಗೂ ಇದೇ ನಿಯಮ. ಅಂಥವರು ಕರೆ ಮಾಡಿದಾಗ ಈ ಮಾತನ್ನು ಮೊದಲೇ ಹೇಳದಿದ್ದರೆ ಕೊಕ್ಕೆಯ ಕ್ರೇನು ಬಂದು ನಿಂತೀತು. ವಿದ್ಯುತ್ ಕಾರಿನಲ್ಲಿ ದೊಡ್ಡ ಬ್ಯಾಟರಿಯಲ್ಲದೆ ೧೨ ವೋಲ್ಟಿನ ಸಣ್ಣ ಬ್ಯಾಟರಿಯೊಂದು ಇರುತ್ತದೆಂಬುದು ಬಹಳ ಜನಕ್ಕೆ ತಿಳಿಯದು. ದೊಡ್ಡದು ತುಂಬಿದ್ದರೂ ಈ ಸಣ್ಣದು ಸತ್ತರೆ ಗಾಡಿಯ ಬಾಗಿಲೂ ತೆರೆಯದಿರಬಹುದು.

ಇನ್ನು ಕರಾರನ್ನು ಓದುವ ಬಗೆ. ಎಷ್ಟು ಬಗೆಯ ಸೇವೆಗಳಿವೆಯೆಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಪಂಕ್ಚರ್, ಬ್ಯಾಟರಿ, ಒಳಗೆ ಬಿಟ್ಟ ಕೀಲಿ, ಮುಗಿದ ಪೆಟ್ರೋಲು, ಎಳೆಯುವಿಕೆ, ಇವು ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ನೋಡಬೇಕಾದುದು ಮಿತಿಗಳನ್ನು. ಎಳೆಯುವ ದೂರವೆಷ್ಟು? ಅದನ್ನು ಗಾಡಿ ನಿಂತ ಸ್ಥಳದಿಂದ ಅಳೆಯುವರೋ, ಎಳೆಯುವ ಗಾಡಿ ಹೊರಟ ಊರಿನಿಂದಲೋ? ಹೋಗಿ ಬರುವ ದೂರವೋ, ಒಂದೇ ಕಡೆಯದೋ? ೨೫ ಕಿಲೋಮೀಟರಿನ ಕರಾರು ಬೆಂಗಳೂರಿನೊಳಗೆ ಸಾಕು, ಮಲೆನಾಡಿಗೆ ಸಾಲದು. ಮನೆಯ ಬಾಗಿಲಲ್ಲೇ ಗಾಡಿ ಕೆಟ್ಟರೆ ಬರುವರೋ ಇಲ್ಲವೋ? ಕೆಲವರು ಮನೆಯಿಂದ ಇಂತಿಷ್ಟು ದೂರದಾಚೆಗೆ ಮಾತ್ರ ಬರುತ್ತೇವೆಂದು ಬರೆದಿರುತ್ತಾರೆ. ಅವರ ಆಳು ನಿಗದಿಯಾದ ಹೊತ್ತಿಗೆ ಬಾರದಿದ್ದರೆ ನಾವು ಮಾಡಿಸಿದ ವೆಚ್ಚವನ್ನು ಕೊಡುವರೋ? ಗಾಡಿ ಅಂದೇ ಸರಿಹೋಗದಿದ್ದರೆ ಒಳಗಿದ್ದವರ ಪ್ರಯಾಣಕ್ಕೆ, ರಾತ್ರಿಯ ವಸತಿಗೆ ಏರ್ಪಾಡುಂಟೋ? ಸ್ವಲ್ಪ ಹೆಚ್ಚು ತೆತ್ತರೆ ಇದು ಸಿಗುವ ಕರಾರುಗಳಿವೆ, ಮುದುಕರಿರುವ ಮನೆಗೆ ನಾವು ಅವನ್ನೇ ಸೂಚಿಸುತ್ತೇವೆ. ಪೆಟ್ರೋಲು ತಂದುಕೊಡುವುದು ಉಚಿತವಾದರೂ ಪೆಟ್ರೋಲಿನ ಬೆಲೆ ನಮ್ಮದೇ. ಹೊಸ ಬ್ಯಾಟರಿ, ಹೊಸ ಹೋಸುಗಳ ಬೆಲೆಯೂ ನಮ್ಮದೇ. ಈಚಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಬದಲಿಗೆ ಒಂದು ಅಂಟಿನ ಡಬ್ಬಿಯನ್ನೂ ಪಂಪನ್ನೂ ಕೊಟ್ಟಿರುತ್ತಾರೆ. ಟೈರು ಬದಿಯಲ್ಲಿ ಹರಿದರೆ ಆ ಅಂಟು ನಿಲ್ಲದು. ಅಂಥ ಗಾಡಿಗೆ ಎಳೆಯುವ ಸೇವೆಯೇ ಗತಿ.

ದಾರಿ ನೆರವನ್ನು ಪಡೆದರೆ ವಿಮೆಯ ‘ನೋ ಕ್ಲೇಮ್ ಬೋನಸ್’ ಕಳೆದುಹೋಗುವುದೆಂದು ಹೆದರಿ ಕರೆ ಮಾಡದವರಿದ್ದಾರೆ. ಮೊದಲ ವರ್ಷಕ್ಕೆ ಶೇಕಡಾ ೨೦ರಿಂದ ಮೊದಲುಗೊಂಡು ೫೦ರವರೆಗೆ ಬೆಳೆಯುವ ಆ ರಿಯಾಯಿತಿಗೆ ಈ ಸೇವೆಯಿಂದ ಸಾಮಾನ್ಯವಾಗಿ ಬಾಧಕವಿಲ್ಲ.

ಮತ್ತೊಂದು ವಿಷಯವನ್ನು ಬೆಂಗಳೂರಿನವರು ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಕಲಿತರು. ಹೊರ ವರ್ತುಲ ರಸ್ತೆಯ ಕಡೆ ನೆಲಮಾಳಿಗೆಗಳಲ್ಲಿ ಗಾಡಿಗಳು ಮುಳುಗಿದಾಗ ದಾರಿ ನೆರವಿನವರು ಗಾಡಿಯನ್ನು ಎಳೆದುಕೊಂಡು ಹೋಗಬಲ್ಲರೇ ಹೊರತು ಇಂಜಿನ್ನಿಗೆ ನೀರು ಹೊಕ್ಕ ನಷ್ಟವನ್ನು ತುಂಬಲಾರರು. ಅದಕ್ಕೆ ಇಂಜಿನ್ ರಕ್ಷಣೆಯೆಂಬ ಬೇರೆ ಬಾಬು ಇದೆ. ನೀರಿನಲ್ಲಿ ನಿಂತ ಗಾಡಿಯ ಕೀಲಿಯನ್ನು ತಿರುಗಿಸಿ ಚಾಲನೆ ಮಾಡಲು ಯತ್ನಿಸಿದರೆ ಇಂಜಿನ್ ಹಾಳಾಗುವುದು ಮಾತ್ರವಲ್ಲ, ಆ ಬಾಬು ಇಲ್ಲದವರ ಕ್ಲೇಮನ್ನು ಕಂಪೆನಿಯವರು ತಳ್ಳಿಹಾಕಲು ಕಾರಣವೂ ಸಿಗುತ್ತದೆ. ನೀರು ಹೊಕ್ಕ ಗಾಡಿಯನ್ನು ಮುಟ್ಟದೆ ಎಳೆಸತಕ್ಕದ್ದು.

ಕೊಟ್ಟ ಮಾತಿನಂತೆ ನಡೆಯದ ಕಂಪೆನಿಯ ಮೇಲೆ ದೂರು ಕೊಡಲು ದಾರಿಯಿದೆ. ಬರಬೇಕಾದವನು ಗುತ್ತಿಗೆದಾರನೆಂಬ ನೆಪ ನಡೆಯದು. ವಿಮೆಯ ಭಾಗವಾಗಿ ಹಣ ತೆಗೆದುಕೊಂಡವರೇ ಜವಾಬುದಾರರು. ಮೊದಲು ಕಂಪೆನಿಗೇ ಬರಹದಲ್ಲಿ ದೂರು ಕೊಟ್ಟು, ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ನರಲ್ಲಿಗೆ ಹೋಗಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ೧೫೫೨೫೫ ಸಂಖ್ಯೆಗೂ ದೂರು ಹೇಳಬಹುದು. ನಾವು ಕಂಪೆನಿಗೆ ಒಂದು ಕಾಗದ ಬರೆದೆವು. ಕರೆ ಮಾಡಿದ ಗಳಿಗೆ, ಸಂದೇಶ ಬಂದ ಗಳಿಗೆ ಎರಡನ್ನೂ ಬರೆದು ತೋರಿಸಿದ್ದರಿಂದ ಲೆಕ್ಕಕ್ಕೆ ಸೇರಿಸಿದ್ದ ಸೇವೆಯನ್ನು ಹಿಂದಕ್ಕೆ ಕೊಟ್ಟರು; ೬೦೦ ರೂಪಾಯಿಯನ್ನು ಕೊಡಲಿಲ್ಲ. ಅಷ್ಟಕ್ಕೆ ನಾವೂ ಸುಮ್ಮನಾದೆವು.

ಗಾಡಿ ನಿಂತಾಗ ನೆರವು ಬರುವವರೆಗೆ ಮಾಡಬೇಕಾದುದೂ ಸ್ವಲ್ಪವಿದೆ. ಹೆದ್ದಾರಿಯಲ್ಲಿ ಕೆಟ್ಟ ಗಾಡಿಯೊಳಗೆ ಯಾರೂ ಕುಳಿತಿರಬಾರದು; ಎಡಗಡೆಯಿಂದ ಇಳಿದು ತಡೆಗಂಬಿಯಾಚೆ ನಿಲ್ಲಬೇಕು. ಮಿಣುಕುವ ದೀಪಗಳನ್ನು ಹಾಕಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಬರಿಗೈಯಲ್ಲಿ ತೆಗೆಯಲೇಬಾರದು; ಹಬೆ ಮುಖಕ್ಕೆ ಹಾರಿ ಸುಟ್ಟೀತು. ಸಿಗ್ನಲ್ ಇರುವ ಕಡೆಯಲ್ಲಿಯೇ ಕಿಲೋಮೀಟರು ಕಲ್ಲಿನ ಸಂಖ್ಯೆಯನ್ನು ಗಮನಿಸುತ್ತ ಹೋಗುವ ಅಭ್ಯಾಸವಿದ್ದರೆ ಹೆಗ್ಗುರುತು ಕೇಳುವ ಹೆಣ್ಣುಮಗಳಿಗೆ ಉತ್ತರ ಹೇಳಬಹುದು.

ಈ ವರ್ಷ ನಾವು ಕಂಪೆನಿಯನ್ನು ಬದಲಾಯಿಸಿ ನೂರು ಕಿಲೋಮೀಟರಿನ ಕರಾರನ್ನು ಕೊಂಡೆವು. ಮುಂಚಿನದಕ್ಕಿಂತ ೧೯೦ ರೂಪಾಯಿ ಹೆಚ್ಚಾಯಿತು. ಕಾಗದದ ಒಂದು ಪ್ರತಿಯನ್ನೂ ದೂರವಾಣಿ ಸಂಖ್ಯೆಯನ್ನೂ ಗಾಡಿಯ ಕೈಪೆಟ್ಟಿಗೆಯಲ್ಲಿಟ್ಟಿದ್ದೇವೆ. ಡಿಕ್ಕಿಯಲ್ಲಿ ಒಂದು ಹೊಸ ಹೋಸು, ಎರಡು ಕ್ಲಿಪ್ಪು, ಐದು ಲೀಟರು ನೀರು. ಸಕಲೇಶಪುರದ ಆ ಮೆಕ್ಯಾನಿಕ್ಕನ ಸಂಖ್ಯೆ ಮಗನ ಮೊಬೈಲಿನಲ್ಲಿದೆ. ತಾಯಿಯವರು ತಮ್ಮ ಪಾಲಿನದಾಗಿ ಒಂದು ಸ್ಟೀಲು ಡಬ್ಬಿಯನ್ನು ಗೊತ್ತುಮಾಡಿದ್ದಾರೆ. ಊರಿಗೆ ಹೊರಡುವ ದಿನ ಅದರಲ್ಲಿ ಎರಡು ಚಪಾತಿ, ಪಲ್ಯ ಇದ್ದೇ ಇರುತ್ತದೆ.